ಕಾಗೆಗಳು ಅಣ್ಣನ ಗುರುತು ಹಿಡಿದ ಬೇಸಿಗೆ

ಬಾರ್ಕೂರಿನಲ್ಲಿ ನಮ್ಮ ಮನೆಯಿಂದ ಬಸ್ಸು ಹಿಡಿಯಲು ಹೋಗುವ ದಾರಿಯಲ್ಲಿ ಒಂದು ಸಣ್ಣ ಎಣ್ಣೆ ಗಿರಣಿ ಇದೆ. ಬಿಸಿಲು ಚುರುಕಾದ ಮೇಲೆ ಅದರ ಎದುರಿನ ಸಿಮೆಂಟ್ ಅಂಗಳದಲ್ಲಿ ಕೊಬ್ಬರಿ ಹರಡುತ್ತಾರೆ. ಬೆವರಿದ ಕೊಬ್ಬರಿಯ ಆ ಸಿಹಿ ಕಮಟು ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಣ್ಣು ತನ್ನಷ್ಟಕ್ಕೆ ಕರೆಂಟು ತಂತಿಯ ಮೇಲೆ ಹೋಗುತ್ತದೆ, ಕೈ ತಲೆಯನ್ನು ಮುಚ್ಚಿಕೊಳ್ಳುತ್ತದೆ, ಆಮೇಲೆ ನಗು ಬರುತ್ತದೆ. ಬಸ್ಸಿಗೆ ಕಾಯುವವರು ಇವಳಿಗೇನಾಯಿತು ಎಂದು ನೋಡುತ್ತಾರೆ. ಅವರಿಗೆ ಹೇಳಲು ಹೊರಟರೆ ಬ್ರಹ್ಮಾವರ ಬಂದರೂ ಕತೆ ಮುಗಿಯುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅದು ನಾನು ಕಾಲು ಮುರಿದುಕೊಂಡ ವರ್ಷ. ಬಚ್ಚಲಿನ ಸೋಪಿನ ನೀರಿನಲ್ಲಿ ಜಾರಿ ಬಿದ್ದು ಪಾದದ ಎಲುಬು ಬಿರುಕು ಬಿಟ್ಟಿತ್ತು. ಬ್ರಹ್ಮಾವರದ ಕೆಲಸಕ್ಕೆ ರಜೆ ಹಾಕಿ, ಪ್ಲಾಸ್ಟರ್ ಕಟ್ಟಿಸಿಕೊಂಡು, ಕುಂಭಾಶಿಯ ತವರುಮನೆಯ ಜಗಲಿಯಲ್ಲಿ ಠಿಕಾಣಿ ಹೂಡಿದೆ. ಅಲ್ಲಿ ಇದ್ದದ್ದು ಅಮ್ಮ ಮತ್ತು ಅಣ್ಣ ರಘುರಾಮ ಇಬ್ಬರೇ. ಅತ್ತಿಗೆ ಚೊಚ್ಚಲ ಹೆರಿಗೆಗೆಂದು ಶಂಕರನಾರಾಯಣದ ತಾಯಿಮನೆಗೆ ಹೋಗಿದ್ದರು. ಅಣ್ಣನದು ತೆಂಗಿನಕಾಯಿ ವ್ಯಾಪಾರ. ಸುತ್ತಲಿನ ತೋಟಗಳ ಕಾಯಿಯನ್ನು ಟೆಂಪೋದಲ್ಲಿ ತಂದು, ಮಾರಿ ಉಳಿದದ್ದನ್ನು ಒಡೆದು ಅಂಗಳದಲ್ಲಿ ಒಣಗಿಸಿ ಕೊಬ್ಬರಿ ಮಾಡುತ್ತಿದ್ದ. ಕೂತಲ್ಲೇ ಕೂತು ತಿನ್ನುವವಳಿಗೆ ಒಂದು ಕೆಲಸವಿರಲಿ ಎಂದು ಕೊಬ್ಬರಿ ಕಾಯುವ ಹೊಣೆಯನ್ನು ನನ್ನ ತಲೆಗೆ ಕಟ್ಟಿದರು. ಸ್ಟೂಲಿನ ಮೇಲೆ ಕಾಲು, ಕೈಯಲ್ಲಿ ಉದ್ದನೆಯ ಕೋಲು, ಎದುರಿಗೆ ಕಾಗೆಗಳು. ಹೀಗೆ ಶುರುವಾಯಿತು ನನ್ನ ಬೇಸಿಗೆ.

ಆಗ ನಮ್ಮ ಮನೆಯಲ್ಲಿ ಒಂದು ಹಳೆಯ ಮುನಿಸು ಹೊಗೆಯಾಡುತ್ತಿತ್ತು. ನಮ್ಮೆಲ್ಲರಿಗಿಂತ ದೊಡ್ಡವಳು ಜಲಜಕ್ಕ, ಬೈಂದೂರಿನಲ್ಲಿ ಅವಳ ಸಂಸಾರ. ಅಣ್ಣ ಹೊಸ ಮನೆ ಕಟ್ಟಿಸಿ ಒಕ್ಕಲು, ಅಂದರೆ ಗೃಹಪ್ರವೇಶ, ಮಾಡಿದಾಗ ಗಡಿಬಿಡಿಯಲ್ಲಿ ಎಲ್ಲರಿಗೂ ವಾಟ್ಸಾಪಿನಲ್ಲಿ ಕಾರ್ಡು ಹಾಕಿದ್ದ. ಅಕ್ಕನಿಗೂ ಅದೇ ಕಾರ್ಡು. ನಮ್ಮ ಕಡೆ ಒಡಹುಟ್ಟಿದ ಅಕ್ಕನಿಗೆ ಹೇಳಿಕೆ ಹೇಳುವುದೆಂದರೆ ಅವಳ ಮನೆಯ ಮೆಟ್ಟಿಲು ಹತ್ತಿ, ಕೂತು, ಅವಳು ಕೊಟ್ಟ ನೀರು ಕುಡಿದು, ಬಾಯಿ ಬಿಟ್ಟು ಕರೆಯುವುದು. ಅಕ್ಕ ಒಕ್ಕಲಿಗೆ ಬರಲಿಲ್ಲ. "ನಾನೆಂತ ಅವ್ನ್ ಕೊಬ್ರಿ ತಕಂಬ ಗಿರಾಕಿಯಾ, ಮೊಬೈಲಿಗ್ ಕಾರ್ಡ್ ಹಾಕಿ ಕರುಕೆ?" ಎಂದು ಅಮ್ಮನ ಹತ್ತಿರ ಫೋನಿನಲ್ಲಿ ಹೇಳಿದಳಂತೆ. ಅಣ್ಣನೂ ಏನು ಕಡಿಮೆ? "ಊರಿಗೆಲ್ಲ ಹಾಂಗೇ ಹೇಳದ್ದ್. ಇವ್ಳಿಗ್ ಮಾತ್ರ ಪಲ್ಲಕ್ಕಿ ಕಳ್ಸ್ಕಾ?" ಎಂದ. ಅಲ್ಲಿಗೆ ಮಾತು ನಿಂತಿತು. ಅಣ್ಣನನ್ನು ಸೊಂಟದ ಮೇಲೆ ಕೂರಿಸಿಕೊಂಡು ಸಾಕಿದವಳು ಅವನ ಹೊಸ ಮನೆಯ ಹೊಸಿಲನ್ನೇ ತುಳಿಯದೆ ಎರಡು ಮೂರು ವರ್ಷ ಕಳೆದುಹೋಗಿತ್ತು.

ಈಗ ಅಣ್ಣನಿಗೆ ಮಗು ಹುಟ್ಟುವುದರಲ್ಲಿತ್ತು. ಮಗುವನ್ನು ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಕೆಲಸ. ನಾನೂ ಸೋದರತ್ತೆಯೇ, ಆದರೆ ಅಮ್ಮನ ಲೆಕ್ಕದಲ್ಲಿ ದೊಡ್ಡವಳಿರುವಾಗ ಚಿಕ್ಕವಳಿಗೆ ಆ ಹಕ್ಕಿಲ್ಲ. "ಜಲಜ ಬರ್ದಿದ್ರೆ ನಾ ತೊಟ್ಲೇ ಕಟ್ಟುದಿಲ್ಲೆ," ಎಂದು ಅಮ್ಮ ದಿನಕ್ಕೊಮ್ಮೆ ಹೇಳುವಳು. ಅಣ್ಣ ಕೇಳಿಸದವನಂತೆ ಟೆಂಪೋ ಹತ್ತುವನು. ಜಗಲಿಯಲ್ಲಿ ಕೂತು ನಾನು ಎರಡೂ ಕಡೆಯ ಮುಖ ನೋಡುತ್ತಿದ್ದೆ. ಈ ತೊಟ್ಟಿಲೂ ತಪ್ಪಿಹೋದರೆ ಆ ಇಬ್ಬರ ನಡುವಿನ ದಾರಿ ಮುಚ್ಚಿಯೇ ಹೋಗುತ್ತದೆ ಎಂದು ನನಗೆ ನಿಜಕ್ಕೂ ಭಯವಾಗಿತ್ತು.

ಮನಸ್ಸಿಗೆ ಹಿಡಿಯುತ್ತಿದ್ದ ಆ ಭಯದಿಂದ ನನ್ನನ್ನು ಬಿಡಿಸಿದವು ಕಾಗೆಗಳು. ಅಲ್ಲಿಯವರೆಗೆ ನನಗೆ ಕಾಗೆಯೆಂದರೆ ಬರೀ ಕಾಗೆ, ಓಡಿಸಬೇಕಾದ್ದು. ಕೋಲು ಹಿಡಿದು ಕೂತ ಮೇಲೆ ತಿಳಿಯಿತು, ಅವೂ ನನ್ನನ್ನು ನೋಡಲಿಕ್ಕೇ ಕೂತಿವೆ ಎಂದು. ಕುತ್ತಿಗೆ ಬೂದಾದ ಊರಕಾಗೆಗಳು ಗಲಾಟೆ ಮಾಡಿ ಹೋಗಿಬಿಡುತ್ತಿದ್ದವು. ಮೈಯೆಲ್ಲ ಕರಿಯಾದ, ದಪ್ಪ ಕೊಕ್ಕಿನ ಕಾಡುಕಾಗೆಗಳ ಒಂದು ಜೋಡಿ ಮಾತ್ರ ಅಂಗಳದ ಮೂಲೆಯ ಮಾವಿನಮರದಲ್ಲಿ ವಾಸವಿತ್ತು. ಅದರಲ್ಲಿ ದೊಡ್ಡದು ಶಾಲೆಯ ವರಾಂಡದಲ್ಲಿ ಕೈ ಹಿಂದೆ ಕಟ್ಟಿಕೊಂಡು ನಡೆಯುವ ಮಾಷ್ಟ್ರಂತೆ ಅಂಗಳದಲ್ಲಿ ಓಡಾಡುತ್ತಿದ್ದುದರಿಂದ ಅದಕ್ಕೆ ಮಾಷ್ಟ್ರು ಎಂದು ಹೆಸರಿಟ್ಟೆ. ಅದರ ಜೋಡಿ ಟೀಚರ್ ಆಯಿತು.

ಮಾಷ್ಟ್ರು ಮೊದಲ ದಿನವೇ ನನ್ನ ಕೋಲಿನ ಉದ್ದ ಅಳೆದರು. ಕೋಲು ಬೀಸಿದರೆ ತುದಿ ಎಲ್ಲಿಗೆ ಬರುತ್ತದೋ ಅದರಿಂದ ಒಂದು ಗೇಣು ಆಚೆ ನಿಂತು ಕೊಬ್ಬರಿ ಆರಿಸುತ್ತಿದ್ದರು. ನಾನು ಕೋಲನ್ನು ಬೀಸಿದರೂ ರೆಕ್ಕೆ ಎತ್ತುತ್ತಿರಲಿಲ್ಲ, ಸುಮ್ಮನೆ ನನ್ನ ಪ್ಲಾಸ್ಟರಿನ ಕಾಲನ್ನು ನೋಡುತ್ತಿದ್ದರು. ಎದ್ದು ಓಡಿ ಬರಲಾರಳು ಎಂದು ಅವರಿಗೆ ಗೊತ್ತಾಗಿತ್ತು. ಅದೇ ಅಮ್ಮ ಒಳಗಿನಿಂದ ಬರಿಗೈಯಲ್ಲಿ ಬಂದರೂ ಸಾಕು, ಎರಡೂ ಮರಕ್ಕೆ ಹಾರುತ್ತಿದ್ದವು.

ರಾತ್ರಿಯ ಕೋಳಿಸಾರಿಗೆಂದು ಅಂಗಡಿಯಿಂದ ತಂದ, ಹಪ್ಪಳದಂಥ ಗರಿಗರಿ ರೊಟ್ಟಿಯ ಒಣ ಚೂರುಗಳನ್ನು ಅಮ್ಮ ಬೆಳಿಗ್ಗೆ ಅಂಗಳಕ್ಕೆ ಎಸೆಯುತ್ತಿದ್ದಳು. ಊರಕಾಗೆಗಳು ಆ ಗಟ್ಟಿ ಚೂರನ್ನು ಕುಟ್ಟಿ ಕುಟ್ಟಿ ಸುಸ್ತಾಗುತ್ತಿದ್ದವು. ಟೀಚರ್ ಹಾಗಲ್ಲ. ಒಂದು ಚೂರು ಕಚ್ಚಿಕೊಂಡು ಬಾವಿಕಟ್ಟೆಯ ಬಕೆಟ್ಟಿಗೆ ಹೋಗಿ, ನೀರಿನಲ್ಲಿ ಅದ್ದಿ, ಪಕ್ಕಕ್ಕೆ ಇಟ್ಟು, ಅದು ನೆನೆಯುವ ತನಕ ತಲೆ ಓರೆ ಮಾಡಿಕೊಂಡು ಕಾದು, ಆಮೇಲೆ ಮೆತ್ತಗೆ ತಿನ್ನುತ್ತಿತ್ತು. ನಾವು ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುವುದೂ ಹಾಗೆಯೇ ತಾನೆ. ಒಂದು ದಿನ ಬಕೆಟ್ ಖಾಲಿಯಿತ್ತು. ಅದು ಬಕೆಟ್ಟಿನ ಅಂಚಿನಲ್ಲಿ ಕೂತು ಅಡುಗೆಮನೆಯ ಕಿಟಕಿಯ ಕಡೆ ತಿರುಗಿ, ಅಮ್ಮ ಬಂದು ನೀರು ಸೇದುವ ತನಕ ಕೂಗಿದ್ದೇ ಕೂಗಿದ್ದು.

ಮೀನಿನವನ ಸ್ಕೂಟರಿನ ಹಾರ್ನು ಹೆದ್ದಾರಿಯ ತಿರುವಿನಲ್ಲಿ ಕೇಳಿದರೆ ಸಾಕು, ಜೋಡಿ ಬಾವಿಯ ಹತ್ತಿರದ ಕಲ್ಲಿನ ಬಳಿ ಹಾಜರು. ಆದರೆ ಬರೀ ಹಾರ್ನಿಗೆ ಪೂರಾ ನಂಬಿಕೆ ಇಡುತ್ತಿರಲಿಲ್ಲ, ಅಮ್ಮ ಮೀನು ಕೊಯ್ಯುವ ಮೆಟ್ಟುಗತ್ತಿ ತೆಗೆದುಕೊಂಡು ಹೊರಬಂದಳೇ ಎಂದು ನೋಡುತ್ತಿದ್ದವು. ಕತ್ತಿ ಬಂದರೆ ಇವತ್ತು ಮೀನು ಕೊಂಡಿದ್ದಾರೆ, ಬಾರದಿದ್ದರೆ ರೇಟು ಕೇಳಿ ವಾಪಸು ಕಳಿಸಿದ್ದಾರೆ. ನಮ್ಮ ಬೆಕ್ಕಿಗೆ ಅಮ್ಮ ಬಂಗುಡೆಯ ತಲೆ ಹಾಕಿದರೆ ಮಾಷ್ಟ್ರು ಹಿಂದಿನಿಂದ ಹೋಗಿ ಅದರ ಬಾಲ ಜಗ್ಗುವರು. ಬೆಕ್ಕು ರೇಗಿ ತಿರುಗುವಷ್ಟರಲ್ಲಿ ಟೀಚರ್ ತಲೆಯೊಂದಿಗೆ ಮಾಯ. ಆಮೇಲೆ ಮರದಲ್ಲಿ ಇಬ್ಬರೂ ಹಂಚಿಕೊಂಡು ತಿನ್ನುವುದನ್ನು ನೋಡಿ ನಾನು ಚಪ್ಪಾಳೆ ತಟ್ಟಿದ್ದೂ ಇದೆ. "ಕೊಬ್ರಿ ಕಾಯುಕ್ ಕೂರ್ಸಿರೆ ನೀ ಕಾಕಿಯ ಆಟ ಕಾಣ್ತಾ ಕೂಕಂಡ್ಯಲೆ ಹೆಣೆ," ಎಂದು ಅಮ್ಮ ಬೈದಳು. ನಿಜ, ನನಗೆ ಅವುಗಳ ಮೇಲೆ ಪ್ರೀತಿ ಹುಟ್ಟಿಬಿಟ್ಟಿತ್ತು. ಅದಕ್ಕಿಂತ ಹೆಚ್ಚಾಗಿ ಗೌರವ ಹುಟ್ಟಿತ್ತು.

ಅವರ ಗೂಡು ಮಾವಿನಮರದ ಒಂದು ಉದ್ದದ ಗೆಲ್ಲಿನ ತುದಿಯಲ್ಲಿತ್ತು. ಆ ಗೆಲ್ಲು ಕರೆಂಟು ತಂತಿಯ ಮೇಲೆ ಬಾಗಿತ್ತು. ಮಳೆಗಾಲಕ್ಕೆ ಮೊದಲು ಅದನ್ನು ಕಡಿಯದಿದ್ದರೆ ಗಾಳಿಗೆ ಮುರಿದು ತಂತಿಯೊಂದಿಗೆ ಬೀಳುವುದು ಖಂಡಿತ. ಒಂದು ಬೆಳಿಗ್ಗೆ ಅಣ್ಣ ಉದ್ದದ ಗಳಕ್ಕೆ ಕತ್ತಿ ಕಟ್ಟಿದ.

"ಅಣ್ಣ, ಅದ್ರಗೆ ಗೂಡಿತ್ತ್ ಕಾಣ್. ಮರಿ ಹಾರುವರಿಗೆ ತಡಿ," ಎಂದೆ.

"ಕಾಕಿ ಮರಿ ಹಾರುವಷ್ಟೊತ್ತಿಗೆ ಮಳಿ ಬತ್ತ್ ಮಾರಾಯ್ತಿ," ಎಂದು ಅವನು ನಕ್ಕ.

ಗೆಲ್ಲು ಬಿತ್ತು. ಗೂಡೂ ಬಿತ್ತು. ಕಡ್ಡಿಯ ನಡುವೆ ಚಪ್ಪರ ಕಟ್ಟುವ ತಂತಿ, ಗೋಣಿಚೀಲದ ದಾರ, ನಮ್ಮದೇ ಮನೆಯ ತೆಂಗಿನನಾರು, ಎಲ್ಲವನ್ನೂ ಸೇರಿಸಿ ಎಷ್ಟು ಅಚ್ಚುಕಟ್ಟಾಗಿ ಹೆಣೆದಿದ್ದವು! ಒಳಗಿದ್ದ ಮರಿಗಳು ಉಳಿಯಲಿಲ್ಲ. ಅಣ್ಣನಿಗೂ ಒಂದು ಕ್ಷಣ ಮುಖ ಚಿಕ್ಕದಾಯಿತು. ಆದರೆ ಟೆಂಪೋಗೆ ಲೋಡು ಕಾಯುತ್ತಿತ್ತು, ಹೊರಟುಹೋದ. ಮಾಷ್ಟ್ರು ಮತ್ತು ಟೀಚರ್ ಆ ದಿನ ಕೊಬ್ಬರಿಯ ಕಡೆ ತಿರುಗಿಯೂ ನೋಡಲಿಲ್ಲ. ಬಿದ್ದ ಗೆಲ್ಲಿನ ಸುತ್ತ ನಡೆದಾಡಿ, ಸಂಜೆಯ ತನಕ ಒಡೆದ ಸ್ವರದಲ್ಲಿ ಕೂಗಿದವು. ನಾನು ಅತ್ತೆ. ಕಾಗೆಗಾಗಿ ಅಳುತ್ತೇನೆ ಎಂದು ಯಾರಾದರೂ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ.

ಮರುದಿನ ಅಣ್ಣ ಬಾಗಿಲು ದಾಟಿ ಅಂಗಳಕ್ಕೆ ಕಾಲಿಟ್ಟದ್ದೇ ತಡ, ಮಾಷ್ಟ್ರು ಮರದಿಂದ ನೇರ ಅವನ ತಲೆಯ ಕಡೆ ಇಳಿದರು. ಅವನು ಬಗ್ಗಿದ. ತಿರುಗಿ ಟೀಚರ್ ಬಂತು. ಓಡಿ ಟೆಂಪೋ ಒಳಗೆ ಕೂತು ಬಾಗಿಲು ಹಾಕಿಕೊಂಡ ಮೇಲೂ ಗಾಜಿನ ಮೇಲೆ ಕೊಕ್ಕಿನಿಂದ ಟಕಟಕ. ಅಮ್ಮ ಬಂದರೆ ಏನೂ ಇಲ್ಲ, ಕಾಯಿ ಸುಲಿಯಲು ಬರುವವರು ಓಡಾಡಿದರೂ ಏನೂ ಇಲ್ಲ. ಮೀನಿನವನು ಅಣ್ಣನಷ್ಟೇ ಎತ್ತರ, ಅಣ್ಣನಂಥದ್ದೇ ಮೀಸೆ. ಅವನನ್ನು ಒಂದು ಸಲ ದಿಟ್ಟಿಸಿ ನೋಡಿ ಬಿಟ್ಟುಬಿಟ್ಟವು. ಹಗೆ ಇದ್ದದ್ದು ಒಬ್ಬನ ಮೇಲೆ ಮಾತ್ರ.

ಅಣ್ಣ ಕೊಡೆ ಹಿಡಿದ. ಅವು ಕೊಡೆಯ ಮೇಲೆ ಕೂತು ಕೆಳಗೆ ಬಗ್ಗಿ ನೋಡಿದವು. ಹೆಲ್ಮೆಟ್ ಹಾಕಿದ. ಹೆಲ್ಮೆಟ್ಟಿಗೂ ಕುಟ್ಟಿದವು, ಆದರೆ ತಲೆಗೆ ತಾಗದ ಕಾರಣ ಅಣ್ಣ ಅದನ್ನೇ ಗತಿಯೆಂದು ನಂಬಿದ. ಅಂಗಳದ ತುಳಸಿಗೆ ನಮಸ್ಕಾರ ಮಾಡುವಾಗಲೂ ಹೆಲ್ಮೆಟ್, ಹಲ್ಲುಜ್ಜುವಾಗಲೂ ಹೆಲ್ಮೆಟ್. ಒಂದು ದಿನ ಅಮ್ಮನ ಹಳೆಯ ಸೀರೆಯನ್ನು ತಲೆತುಂಬ ಹೊದ್ದು ಹೆಂಗಸರಂತೆ ಬಳುಕಿಕೊಂಡು ಹೊರಟ. ಮಾಷ್ಟ್ರು ಗೇಟಿನ ಕಂಬದ ಮೇಲೆ ಕೂತು, ತಲೆಯನ್ನು ಆ ಕಡೆ ಈ ಕಡೆ ಓರೆ ಮಾಡಿ, ನಿಧಾನವಾಗಿ ಪರಿಶೀಲಿಸಿದರು. ಅಣ್ಣನಿಗೆ ಗೆದ್ದೆನೆಂದು ಅನ್ನಿಸಿರಬೇಕು, ಸೆರಗಿನ ಮರೆಯಿಂದ ಸ್ವಲ್ಪ ಇಣುಕಿದ. ಅಷ್ಟೇ ಸಾಕಾಯಿತು. ಅವನು ಸೀರೆ ಎಡವಿಕೊಂಡು ಓಡಿಬಂದುದನ್ನು ನೋಡಿ ನಾನು ನಕ್ಕ ಹೊಡೆತಕ್ಕೆ ಸ್ಟೂಲಿನಿಂದ ಕಾಲು ಜಾರಿತು.

ಬೆದರುಬೊಂಬೆಯೊಂದನ್ನು ಮಾಡಿ, ಅದಕ್ಕೆ ತನ್ನ ಅಂಗಿ ತೊಡಿಸಿ ಅಂಗಳದಲ್ಲಿ ನಿಲ್ಲಿಸಿದ. ಸಿಟ್ಟನ್ನು ಅದರ ಮೇಲೆ ತೀರಿಸಿಕೊಳ್ಳಲಿ ಎಂಬ ಉಪಾಯ. ಮೊದಲ ದಿನ ಒಂದೆರಡು ಸಲ ಕುಟ್ಟಿದವು, ಮರುದಿನದಿಂದ ಅದರ ತಲೆಯ ಮೇಲೆ ಕೂತು ಗರಿ ಬಾಚಿಕೊಂಡವು. ಇದೆಲ್ಲದಕ್ಕಿಂತ ನನ್ನನ್ನು ಬೆರಗುಗೊಳಿಸಿದ್ದು ಬೇರೆಯದೇ. ಗೂಡು ಬಿದ್ದದ್ದನ್ನು ನೋಡಿಯೇ ಇರದ ಊರಕಾಗೆಗಳೂ ಕೆಲವೇ ದಿನಗಳಲ್ಲಿ ಅಣ್ಣನನ್ನು ಕಂಡರೆ ಕೂಗತೊಡಗಿದವು. ಹೆದ್ದಾರಿಯ ಬದಿಯವು, ಆನೆಗುಡ್ಡೆ ದೇವಸ್ಥಾನದ ದಾರಿಯವು, ಎಲ್ಲಕ್ಕೂ ಸುದ್ದಿ ಮುಟ್ಟಿತ್ತು. "ಕುಂಭಾಶಿ ಕಾಕಿಗಳದ್ದೆಲ್ಲ ಒಂದ್ ಗ್ರೂಪಿತ್ತ್ ಕಾಂತ್, ನನ್ನ ಫೋಟೋ ಹಾಕಿರ್," ಎಂದು ಅಣ್ಣ ತಲೆ ಚಚ್ಚಿಕೊಂಡ. ಮೊದಮೊದಲು ನಮಗೆ ತಮಾಷೆಯಾಗಿದ್ದ ವಿಷಯ ಮೆಲ್ಲಗೆ ಅವನ ಜೀವನವನ್ನೇ ಹಿಡಿಯಿತು. ಮರದಿಂದ ಕಾಯಿ ಕೀಳಿಸಲು ತೋಟದಲ್ಲಿ ನಿಲ್ಲಲು ಅವನು ಹೆದರುತ್ತಿದ್ದ, ಊಟಕ್ಕೆ ಕೂತರೂ ಕಿಟಕಿ ನೋಡುತ್ತಿದ್ದ.

ಅದೇ ಸಮಯದಲ್ಲಿ ಶಂಕರನಾರಾಯಣದಿಂದ ಹೆಣ್ಣುಮಗು ಎಂಬ ಸುದ್ದಿ ಬಂತು. ಮನೆಯಲ್ಲಿ ಸಂತೋಷವೋ ಸಂತೋಷ. ಅಮ್ಮ ಅಟ್ಟದಿಂದ ತೊಟ್ಟಿಲು ಇಳಿಸಿ ತೊಳೆದು ಒಣಗಿಸಿದಳು, ಮತ್ತೆ ಅದೇ ಮಾತು ಎತ್ತಿದಳು. "ಒಂದ್ಸಲಿ ಬೈಂದೂರಿಗ್ ಹೋಯ್ ಬಾ ರಘು. ಹೋಯಿ ಕರ್ದ್ರೆ ಜಲಜ ಬತ್ತ್." ಅಣ್ಣ ಸಿಹಿ ತರುತ್ತೇನೆಂದು ಚೀಲ ಹಿಡಿದು ಎದ್ದ. ಮಗಳು ಹುಟ್ಟಿದ ಖುಷಿಯಲ್ಲಿ ಹೆಲ್ಮೆಟ್ ಮರೆತ. ಗೇಟಿನ ಹತ್ತಿರ ಮಾಷ್ಟ್ರು ಬಂದು ಈ ಸಲ ಸರಿಯಾಗಿಯೇ ತಲೆಗೆ ಉಗುರು ಹಾಕಿದರು. ಹಣೆಯ ಮೇಲೆ ರಕ್ತ ಇಳಿಯಿತು.

ಗಾಯ ಸಣ್ಣದು, ಅರಶಿನ ಹಚ್ಚಿದರೆ ಮುಗಿಯಿತು. ಅಮ್ಮನಿಗೆ ಮಾ‌ತ್ರ ಜೀವವೇ ಹಾರಿಹೋಯಿತು. ನಮ್ಮಲ್ಲಿ ಹಳಬರಿಗೆ ಕಾಗೆ ತಲೆ ಮುಟ್ಟಿತೆಂದರೆ ಆಯುಸ್ಸಿಗೆ ಕುತ್ತು ಬಂದಂತೆಯೇ. ಅದಕ್ಕೆ ಪರಿಹಾರವೂ ಉಂಟು. ಮುಟ್ಟಿಸಿಕೊಂಡವನು ಸತ್ತುಹೋದನೆಂದು ರಕ್ತಸಂಬಂಧಿಯೊಬ್ಬರಿಗೆ ಸುಳ್ಳು ಸುದ್ದಿ ಮುಟ್ಟಿಸಬೇಕು. ಅವರು ನಿಜವೆಂದು ನಂಬಿ ಅಳಬೇಕು. ಬರುತ್ತಿರುವ ಸಾವು ಆ ಅಳು ಕೇಳಿ, ಇಲ್ಲಿಯ ಕೆಲಸ ಆಗಲೇ ಮುಗಿದಿದೆ ಎಂದುಕೊಂಡು ತಿರುಗಿ ಹೋಗುತ್ತದೆ. ಅತ್ತ ಕೂಡಲೇ ನಿಜ ಹೇಳಿಬಿಡಬೇಕು. ಸೀರೆ ಹೊದ್ದು ಒಂದು ಕಾಗೆಯನ್ನು ಯಾಮಾರಿಸಲಾಗದ ನಾವು ಫೋನು ಮಾಡಿ ಸಾವನ್ನೇ ಯಾಮಾರಿಸಬಹುದು ಎಂದು ನಂಬಿದವರು.

"ಅಮ್ಮ, ಹಾಂಗೆಲ್ಲ ಮಾಡ್ಬ್ಯಾಡ," ಎಂದೆ. ಅಣ್ಣನೂ ಬೇಡವೆಂದ. ಅಮ್ಮ ಕೇಳುವವಳಲ್ಲ. ಬಾಣಂತಿಗೆ ಅಂಥ ಮಾತು ಹೇಳುವಂತಿಲ್ಲ. ನಾನು ಎದುರಿಗೇ ಇದ್ದೇನೆ, ನನ್ನ ಅಳು ನಡೆಯುವುದಿಲ್ಲ. ಅಪ್ಪ ತೀರಿಹೋಗಿ ಎಷ್ಟೋ ಕಾಲವಾಯಿತು. ಉಳಿದ ಒಬ್ಬಳೇ ರಕ್ತಸಂಬಂಧಿ ಬೈಂದೂರಿನಲ್ಲಿದ್ದಳು. ಅಣ್ಣ ಬಚ್ಚಲಿನಲ್ಲಿ ತಲೆ ತೊಳೆಯುತ್ತಿದ್ದಾಗ ಅಮ್ಮ ಅಡುಗೆಮನೆಯಲ್ಲಿ ನಿಂತು ಫೋನು ಹಚ್ಚಿಯೇಬಿಟ್ಟಳು.

"ಜಲಜಾ... ರಘು ಹೋದ ಮಗಾ. ನಮ್ಮನ್ನ ಬಿಟ್ಟ್ ಹೋದ."

ಆ ಕಡೆಯಿಂದ ಅಳು ಬರಲಿಲ್ಲ. ಏನೋ ಬಿದ್ದ ಸದ್ದಾಗಿ ಫೋನು ಕಡಿಯಿತು. ಅಮ್ಮ ಮತ್ತೆ ಹಚ್ಚಿದಳು, ರಿಂಗಾಗುತ್ತಲೇ ಹೋಯಿತು. ನಾನು ಹಚ್ಚಿದೆ, ಅದೇ. "ಅಳ್ತ್, ಕೂಡ್ಲೇ ಹೇಳಿಬಿಡ್ವ ಅಂದೇಳಿದ್ದೆ. ಜಲಜ ಫೋನೇ ಎತ್ತುದಿಲ್ಲೆ ಕಾಣ್," ಎಂದು ಅಮ್ಮ ಗೋಡೆ ಹಿಡಿದು ಕೂತಳು. ಹುಬ್ಬಳ್ಳಿಯ ಹೋಟೆಲಿನಲ್ಲಿದ್ದ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಫೋನು ಮಾಡಿ ನಡೆದದ್ದು ಹೇಳಿದೆ. ಅವರು ಬೈಂದೂರಿನ ಪಕ್ಕದ ಮನೆಯವರನ್ನು ಕೇಳಿ ತಿರುಗಿ ಫೋನು ಮಾಡಿದರು. ಅಕ್ಕ ಬಾಗಿಲಿಗೆ ಬೀಗ ಹಾಕಿ, ಉಟ್ಟ ಸೀರೆಯಲ್ಲಿ ಓಡಿ ಕುಂದಾಪುರದ ಬಸ್ಸು ಹತ್ತಿದ್ದಳು. ಅವಳ ಫೋನು ಬೀಗ ಹಾಕಿದ ಮನೆಯೊಳಗೆ ಬಡಿದುಕೊಳ್ಳುತ್ತಿತ್ತು.

ಒಂದು ಗಂಟೆಗೂ ಮಿಕ್ಕಿದ ದಾರಿ. ಅಷ್ಟು ಹೊತ್ತೂ ಅವಳು ತಮ್ಮ ಸತ್ತನೆಂದೇ ಬಸ್ಸಿನಲ್ಲಿ ಕೂತಿರುತ್ತಾಳೆ. ಅವಳಿಗೆ ಬಿಪಿ ಬೇರೆ ಇತ್ತು. ದಾರಿಯಲ್ಲಿ ಏನಾದರೂ ಆದರೆ? ಏನೂ ಆಗದೆ ಬಂದು ತಲುಪಿ, ಇದು ಬರೀ ಸುಳ್ಳೆಂದು ತಿಳಿದರೆ? ಮೊಬೈಲಿನಲ್ಲಿ ಕರೆದದ್ದಕ್ಕೇ ವರ್ಷಗಟ್ಟಲೆ ಮಾತು ಬಿಟ್ಟವಳು ಮೊಬೈಲಿನಲ್ಲಿ ಸಾಯಿಸಿದ್ದಕ್ಕೆ ಏನು ಮಾಡಿಯಾಳು? ಅಣ್ಣ ಸಿಟ್ಟಿನಿಂದ "ನಾ ಬದ್ಕಿಪ್ಪತಿಗೇ ನನ್ನ ಕೊಂದ್ಯಲ್ಲ ಅಮ್ಮ," ಎಂದವನು, ಅಮ್ಮನ ಮುಖ ನೋಡಿ ಅವಳ ಪಕ್ಕದಲ್ಲೇ ಕೂತ. ಆಮೇಲೆ ಸಣ್ಣ ಸ್ವರದಲ್ಲಿ, "ಅಕ್ಕ ಬಸ್ಸಿಳಿಯುವತಿಗೇ ನಾ ಕಾಣ್ಕ್. ಮನಿ ವರಿಗೆ ಅದ್ ಹಾಂಗೇ ಬಪ್ಪುಕಾಗ," ಎಂದ.

ನಮ್ಮ ದಾರಿ ಹೆದ್ದಾರಿಗೆ ಸೇರುವಲ್ಲೇ ಬಸ್ಸು ನಿಲ್ಲುತ್ತದೆ. ನನ್ನ ಪ್ಲಾಸ್ಟರ್ ಬಿಚ್ಚಿ ಸ್ವಲ್ಪ ದಿನವಾಗಿತ್ತು. ಕಾಗೆ ಓಡಿಸುವ ಕೋಲನ್ನೇ ಊರಿಕೊಂಡು ನಾನೂ ಅವನ ಹಿಂದೆ ಕುಂಟಿದೆ. ಅಣ್ಣ ಅಭ್ಯಾಸದಂತೆ ಹೆಲ್ಮೆಟ್ ಹಾಕಿಕೊಂಡು ಗಾಜು ಇಳಿಸಿದ್ದ.

"ಅಣ್ಣ, ಇದನ್ ಹಾಕಂಡ್ರೆ ಅಕ್ಕಂಗೆ ನಿನ್ನ ಗುರ್ತ ಹ್ಯಾಂಗ್ ಸಿಕ್ಕತ್ತ್?"

ಅವನು ನನ್ನ ಮುಖ ನೋಡಿದ, ತಂತಿಯ ಕಡೆ ನೋಡಿದ. ಮಾಷ್ಟ್ರು, ಟೀಚರ್, ಜೊತೆಗೆ ಹೆದ್ದಾರಿಯ ಬದಿಯ ಕಾಗೆಗಳು ಸಾಲಾಗಿ ಕೂತಿದ್ದವು. ಕುಂದಾಪುರದ ಕಡೆಯಿಂದ ಬಸ್ಸು ಕಾಣಿಸಿತು. ಅಣ್ಣ ಹೆಲ್ಮೆಟ್ ತೆಗೆದು ನನ್ನ ಕೈಗೆ ಕೊಟ್ಟು, ಎಲ್ಲರಿಗೂ ಕಾಣುವಂತೆ ಬಿಸಿಲಿನ ನಡುವೆ ಹೋಗಿ ನಿಂತ.

ಬಸ್ಸು ನಿಲ್ಲುವುದಕ್ಕೂ ಅವು ಇಳಿಯುವುದಕ್ಕೂ ಸರಿಹೋಯಿತು. ಬಾಗಿಲಲ್ಲಿ ಅಕ್ಕ. ಕೂದಲು ಬಿಚ್ಚಿಹೋಗಿತ್ತು, ಕಣ್ಣು ಎಲ್ಲೋ ಇತ್ತು, ಕಂಡಕ್ಟರು ತೋಳು ಹಿಡಿದು ಇಳಿಸಿದರು. ಅವಳು ತಲೆ ಎತ್ತಿದಾಗ ಕಂಡದ್ದು ಸತ್ತ ತಮ್ಮ ರಸ್ತೆಯ ಬದಿಯಲ್ಲಿ ನಿಂತಿರುವುದು, ಅವನ ತಲೆಯ ಮೇಲೆ ಕಾಗೆಗಳು ಒಂದರ ಹಿಂದೆ ಒಂದು ಎರಗುತ್ತಿರುವುದು, ಅವನು ಓಡದೆ, ಕೈಯಿಂದ ಮುಖವನ್ನೂ ಮುಚ್ಚಿಕೊಳ್ಳದೆ, ಅವಳನ್ನೇ ನೋಡುತ್ತಿರುವುದು.

"ರಘೂ," ಎಂದಳು. ಅಷ್ಟರಲ್ಲಿ ಮಾಷ್ಟ್ರು ಇನ್ನೊಮ್ಮೆ ಇಳಿದರು. ಅಕ್ಕ ನನ್ನ ಕೈಯ ಕೋಲನ್ನು ಕಸಿದುಕೊಂಡ ರಭಸಕ್ಕೆ ನಾನು ಬೀಳುವುದೊಂದು ಬಾಕಿ.

"ಹಾಳಾದ್ ಕಾಕಿಗಳೇ! ನನ್ನ ತಮ್ಮನ ತಲಿ ಮುಟ್ಟುಕ್ ಬತ್ರಿಯಾ? ಬನ್ನಿ ಕಾಂಬ!"

ಅವಳು ಕೋಲು ತಿರುಗಿಸಿದ ಬಗೆ ನೋಡಿ ಬಸ್ಸಿನವರು ಬಸ್ಸು ಬಿಡುವುದನ್ನೇ ಮರೆತರು. ಕಾಗೆಗಳು ಎತ್ತರಕ್ಕೆ ಹೋಗಿ ತಂತಿಯ ಮೇಲೆ ಕೂತವು. ನನಗೆ ಒಂದು ಗೇಣಿನ ಅಂತರ ಬಿಡುತ್ತಿದ್ದ ಮಾಷ್ಟ್ರು ಅಕ್ಕನಿಗೆ ಇಡೀ ಕಂಬದೆತ್ತರ ಬಿಟ್ಟರು. ಯಾರ ಕೋಲಿಗೆ ಎಷ್ಟು ಬೆಲೆ ಎಂದು ಅವರಿಗೆ ಕೂಡಲೇ ತಿಳಿಯುತ್ತಿತ್ತು.

ಅಕ್ಕ ಕೋಲು ಬಿಸಾಡಿ ತಮ್ಮನ ಹತ್ತಿರ ಹೋದಳು. ಅವನ ಮುಖ ಮುಟ್ಟಿದಳು, ಭುಜ ಮುಟ್ಟಿದಳು, ಹಣೆಗೆ ಮತ್ತೆ ಇಳಿದಿದ್ದ ರಕ್ತ ಮುಟ್ಟಿದಳು. ಆಮೇಲೆ ಬೆನ್ನಿನ ಮೇಲೆ ಪಟಾರನೆ ಹೊಡೆದಳು. "ಅಮ್ಮ ಫೋನಿನಗ್ ನೀ ಸತ್ತಿದೆ ಅಂತಲ್ಲಾ! ಸತ್ತಿದೆ ಅಂತಲ್ಲಾ!" ಎನ್ನುತ್ತ ಇನ್ನೂ ಎರಡು ಕೊಟ್ಟಳು. ಅಣ್ಣ ಅದನ್ನೂ ತಪ್ಪಿಸಿಕೊಳ್ಳಲಿಲ್ಲ. ಹೇಳಬೇಕೆಂದಿದ್ದ ಕಾಗೆಯ ಕತೆ, ಅಮ್ಮನ ಶಾಸ್ತ್ರದ ಕತೆ ಯಾವುದೂ ಅವನ ಬಾಯಿಗೆ ಬರಲಿಲ್ಲ. "ಅಕ್ಕಾ, ಮನಿಗ್ ಬಾ," ಎಂದ, ಅಷ್ಟೇ.

ಆಗ ಅವಳು ಅತ್ತಳು. ರಸ್ತೆ, ಬಸ್ಸು, ಜನ ಎಂದು ನೋಡದೆ ಅವನ ಅಂಗಿ ಹಿಡಿದುಕೊಂಡು ಜೋರಾಗಿ ಅತ್ತಳು. ಅವಳ ಅಳುವಿನ ಸ್ವರ ಕೇಳಿ ನನ್ನ ಎದೆಯಲ್ಲಿ ಎಷ್ಟೋ ಕಾಲದಿಂದ ಕೂತಿದ್ದ ಕಲ್ಲು ಇಳಿಯಿತು. ಅವಳಿಗೇನೂ ಆಗಿಲ್ಲ, ಅವನಿಗೇನೂ ಆಗಿಲ್ಲ. ನಾನೂ ಹೆಲ್ಮೆಟ್ ಎದೆಗೊತ್ತಿಕೊಂಡು ಅಲ್ಲೇ ಮೈಲಿಗಲ್ಲಿನ ಮೇಲೆ ಕೂತುಬಿಟ್ಟೆ.

ಮನೆಯಲ್ಲಿ ಅಮ್ಮನಿಗೆ ಆದ ಮಂಗಳಾರತಿಯನ್ನು ಇಲ್ಲಿ ಬರೆಯುವಂತಿಲ್ಲ. ಅಕ್ಕನನ್ನೇ ಆರಿಸಿದ್ದು ಬೇರೆ ರಕ್ತಸಂಬಂಧಿ ಇಲ್ಲದ್ದಕ್ಕೋ, ಒಳಗೊಳಗೆ ಬೇರೆ ಆಸೆ ಇತ್ತೋ ಎಂದು ನಾನು ಎಷ್ಟು ಕೆದಕಿದರೂ ಅಮ್ಮ ಇವತ್ತಿಗೂ ಬಾಯಿ ಬಿಟ್ಟಿಲ್ಲ. ಬೈದು ಸುಸ್ತಾದ ಮೇಲೆ ಅಕ್ಕ ಬೆಲ್ಲ ನೀರು ಕುಡಿದು ಎದ್ದು, ಎರಡು ಮೂರು ವರ್ಷ ನೋಡದ ಆ ಮನೆಯನ್ನು ಕೋಣೆ ಕೋಣೆಯಾಗಿ ನೋಡಿದಳು. ಅಡುಗೆಮನೆಗೆ ಬೆಳಕು ಸಾಲದು, ದೇವರಕೋಣೆ ಸಣ್ಣದಾಯಿತು, ಈ ಗೋಡೆಗೆ ಇಂಥ ಬಣ್ಣ ಹೊಡೆಯಲು ನಿನಗೆ ಯಾರು ಹೇಳಿದರು, ಎಂದು ಒಂದೊಂದಕ್ಕೂ ತಪ್ಪು ತೆಗೆದಳು. ಅಣ್ಣ ತಲೆಗೆ ಅರಶಿನ ಮೆತ್ತಿಕೊಂಡು "ಹೌದಕ್ಕ, ಹೌದಕ್ಕ" ಎನ್ನುತ್ತ ಅವಳ ಹಿಂದೆ ತಿರುಗಿದ. ಅಷ್ಟು ಸಂತೋಷದಿಂದ ಬೈಸಿಕೊಳ್ಳುವವನನ್ನು ನಾನು ಬೇರೆಲ್ಲೂ ನೋಡಿಲ್ಲ.

ಸಂಜೆ ಹೊರಡುವ ಮೊದಲು ಗೂಡಿನ ವಿಷಯ ಕೇಳಿ ಅವಳ ಮುಖ ಗಂಭೀರವಾಯಿತು. "ಮಕ್ಕಳನ್ನ ಕಳ್ಕಂಡದ್ದಲ್ದಾ ಅವು. ಸಿಟ್ಟ್ ಬರ್ದೇ ಇತ್ತಾ? ನಾಳಿಂದ ನೀನೇ ಅನ್ನ ತಕಂಡ್ ಹೋಯಿ ಇಡ್. ಅಮ್ಮನ ಕೈಯಗ್ ಕಳ್ಸ್ಬ್ಯಾಡ," ಎಂದಳು. ಮತ್ತೆ ಬಸ್ಸು ಹತ್ತುವಾಗ, "ಇನ್ ನಂಗ್ ಫೋನಿನಗ್ ಎಂತ ಹೇಳುದೂ ಬ್ಯಾಡ, ಬದ್ಕಿದ್ದ್ರೂ ಸತ್ತ್ರೂ," ಎಂದು ಹೇಳಿ ಹೋದಳು.

ಅಣ್ಣ ಮರುದಿನದಿಂದ ಬಾಳೆಎಲೆಯ ತುಂಡಿನಲ್ಲಿ ಅನ್ನ, ಮೇಲೊಂದು ಮೀನಿನ ಚೂರು ಇಟ್ಟು ಒಳಗೆ ಓಡಿಬರುತ್ತಿದ್ದ. ಕೆಲವು ದಿನ ಅವು ಮುಟ್ಟಲಿಲ್ಲ. ಪಕ್ಕದಲ್ಲೇ ನಾನಿಟ್ಟದ್ದನ್ನು ತಿಂದು, ಅವನದ್ದನ್ನು ಇರುವೆಗೆ ಬಿಟ್ಟವು. ಆಮೇಲೆ ಅವನು ಒಳಗೆ ಹೋದ ಮೇಲೆ ತಿಂದವು. ಅವು ಬೇರೆ ಗೆಲ್ಲಿನಲ್ಲಿ ಕಡ್ಡಿ ಜೋಡಿಸತೊಡಗಿದಾಗ ಅಣ್ಣ ಗೂಡಿಗೆಂದು ನಾರಿನ ಎಳೆಗಳನ್ನು ಬಿಡಿಸಿ ಅಂಗಳದ ಕಟ್ಟೆಯ ಮೇಲೆ ಇಟ್ಟ. ಮೊದಲ ಮಳೆ ಹನಿಯುತ್ತಿದ್ದ ಒಂದು ಬೆಳಿಗ್ಗೆ ಅವನು ಮೆಟ್ಟಿಲ ಮೇಲೆ ನಿಂತಿರುವಾಗಲೇ ಟೀಚರ್ ಇಳಿದು ಬಂದು, ಅವನ ಮೇಲೆ ಒಂದು ಕಣ್ಣಿಟ್ಟುಕೊಂಡೇ ಮೀನು ಎತ್ತಿಕೊಂಡಿತು. ಅವನನ್ನು ಕ್ಷಮಿಸಿತೋ, ಹಗೆ ಬೇರೆ ಹೊಟ್ಟೆ ಬೇರೆ ಎಂದು ತೀರ್ಮಾನಿಸಿತೋ ನನಗೆ ತಿಳಿಯದು. ಅಂತೂ ಎರಗುವುದು ನಿಂತಿತು. ಆದರೂ ಅಣ್ಣನಿಗೆ ಪೂರ್ತಿ ಧೈರ್ಯ ಬಂದಿರಲಿಲ್ಲ, ಹೊರಗೆ ಹೊರಟರೆ ಹೆಲ್ಮೆಟ್ ಕಂಕುಳಲ್ಲೇ ಇರುತ್ತಿತ್ತು.

ಆ ವಾರವೇ ಅವನು ತೊಟ್ಟಿಲ ಶಾಸ್ತ್ರದ ಹೇಳಿಕೆ ಹೇಳಲು ಬೈಂದೂರಿಗೆ ಹೋದ. ನಾನು ಬಾರ್ಕೂರಿಗೆ ಹೊರಡಲು ಬಟ್ಟೆ ತುಂಬುತ್ತಿದ್ದೆ, ಅಮ್ಮ ಬೆಳಗಿನಿಂದ ಒಳಗೆ ಹೊರಗೆ ಹತ್ತು ಸಲ ಓಡಾಡಿದ್ದಳು. ಫೋನು ಬಂತು, ಅಣ್ಣನದು.

"ಸುಜಾತ, ಇಲ್ಲಿ ಒಂದ್ ಕಾಕಿಗೂ ನನ್ನ ಗುರ್ತ ಇಲ್ಲೆ ಮಾರಾಯ್ತಿ! ಅಕ್ಕನ ಅಂಗಳದಗೆ ನಾ ಬರೀ ತಲಿಯಗ್ ನಿಂತಿದೆ. ಅವು ನನ್ನನ್ನ ಕಣ್ಣೆತ್ತಿಯೂ ಕಾಣುದಿಲ್ಲೆ!"

ಅವನ ಸ್ವರದ ಹಗುರ ಕೇಳಿ ನಾನು ಮಡಚುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟೆ. ಅಷ್ಟರಲ್ಲಿ ಫೋನು ಅಕ್ಕನ ಕೈಗೆ ಹೋಯಿತು.

"ಅಮ್ಮಂಗ್ ಹೇಳ್. ಅವ ಬಾಗ್ಲಿಗ್ ಬಂದ್ ಕರ್ದ. ನಾ ಬತ್ತೆ."

ಹೇಳುವ ಅಗತ್ಯವಿರಲಿಲ್ಲ, ಅಮ್ಮ ಹಿಂದೆಯೇ ನಿಂತು ಕೇಳಿಸಿಕೊಂಡಿದ್ದಳು. ಒಗೆದಿಟ್ಟ ತೊಟ್ಟಿಲಿನ ಸೀರೆಯನ್ನು ಮುಖಕ್ಕೆ ಒತ್ತಿಕೊಂಡು ಅವಳು ಅತ್ತಳು. ಈ ಸಲ ಅಳಲು ಯಾರೂ ಅವಳಿಗೆ ಸುಳ್ಳು ಹೇಳಬೇಕಾಗಿ ಬರಲಿಲ್ಲ.